ಗರಿಯ ಪೀಪಿ ಕೀಬೋರ್ಡಿಗೆ ಬಂದ ಬಗೆ

ತೆಂಗಿನ ಗರಿಯ ಪೀಪಿಗೆ ಆಯುಸ್ಸು ಒಂದು ಹಗಲು. ಹಸಿ ಮಡಲಿನಿಂದ ಗರಿ ಹರಿದು, ಕಡ್ಡಿ ಬಿಡಿಸಿ, ಓರೆಯಾಗಿ ಸುರುಳಿ ಸುತ್ತಬೇಕು. ಬಿಚ್ಚಿಕೊಳ್ಳದಂತೆ ಅದೇ ಕಡ್ಡಿಯ ಚೂರೊಂದನ್ನು ಚುಚ್ಚಬೇಕು. ಸಪೂರ ತುದಿಗೆ ಎರಡು ಪದರದ ನಾಲಗೆ ಸಿಕ್ಕಿಸಿ ಊದಿದರೆ ಕೂಗುತ್ತದೆ. ವಾಲಗದ ಪೀಪಿಯೂ ಹೀಗೇ, ಎರಡು ನಾಲಗೆಗಳ ನಡುವಿನ ಸಂದಿಯಲ್ಲಿ ಗಾಳಿ ನಡುಗಿ ಹುಟ್ಟುವ ನಾದ. ಸಂಜೆಯ ಹೊತ್ತಿಗೆ ಗರಿ ಬಾಡುತ್ತದೆ, ನಾಲಗೆ ಸೆಟೆಯುತ್ತದೆ, ಸ್ವರ ಒಡೆದು ಬರೀ ಉಸಿರು ಉಳಿಯುತ್ತದೆ. ಬೆಳ್ತಂಗಡಿ ಕಡೆಯ ನಮ್ಮ ನೆರಿಯದ ಮಕ್ಕಳು ಅದನ್ನು ತೋಟದ ಬದಿಗೆ ಎಸೆದು ಮರುದಿನ ಹೊಸತು ಕಟ್ಟುತ್ತಾರೆ.

ಈ ಪೀಪಿ ಈಗ ನನ್ನ ಕಂಪ್ಯೂಟರಿನಲ್ಲಿದೆ. ಕೀಬೋರ್ಡಿನ ಯಾವ ಕೀ ಒತ್ತಿದರೂ ಆ ಸ್ವರದಲ್ಲಿ ಕೂಗುತ್ತದೆ. ಅದು ಅಲ್ಲಿಗೆ ಬಂದದ್ದು ಹೇಗೆಂದು ಬರೆಯಲು ಕಾರಣವಿದೆ. ಇಂಥದನ್ನು ಮಾಡಲು ಸ್ಟುಡಿಯೊ ಬೇಡ, ಬೆಂಗಳೂರಿಗೆ ಹೋಗಬೇಕಿಲ್ಲ, ಕೈಯಲ್ಲಿರುವ ಫೋನು, ಒಂದು ಕಂಪ್ಯೂಟರು ಸಾಕು ಎಂಬುದು ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಗೊತ್ತಾಗಬೇಕು.

ಶಾಲಾ ವಾರ್ಷಿಕೋತ್ಸವದ ನೃತ್ಯಗಳಿಗೆ, ಮಕ್ಕಳ ನಾಟಕಗಳಿಗೆ ಹಿನ್ನೆಲೆ ಸಂಗೀತ ಕೂಡಿಸಿಕೊಡುವ ಕೆಲಸ ನನ್ನದು. ಒಂದು ನಾಟಕದಲ್ಲಿ, ತುಳುನಾಡಿನ ಆಟಿ ತಿಂಗಳ ಮಳೆಯಲ್ಲಿ ಬಸ್ಸಿಗೆ ಕಾದು ನಿಂತ ಹುಡುಗಿಯೊಬ್ಬಳು ತನ್ನಷ್ಟಕ್ಕೇ ಆಡಿಕೊಳ್ಳುವ ದೃಶ್ಯವಿತ್ತು. ನನ್ನಲ್ಲಿದ್ದ ಆಟಿಕೆ ವಾದ್ಯಗಳ ಪ್ಲಗಿನ್ ತೆರೆದೆ. ಆಟಿಕೆ ಪಿಯಾನೊ, ಕೀಲಿ ಕೊಟ್ಟರೆ ಹಾಡುವ ಪೆಟ್ಟಿಗೆ, ಬಣ್ಣದ ಪಟ್ಟಿಗಳ ಕ್ಸೈಲೋಫೋನ್, ಪ್ಲಾಸ್ಟಿಕ್ ಕೊಳಲು, ಗಿಲಕಿ ಎಲ್ಲವೂ ಅದರಲ್ಲಿದ್ದವು. ಆಟಿಕೆ ಪಿಯಾನೊದಲ್ಲಿ ಒಂದು ಸಣ್ಣ ಧಾಟಿ ನುಡಿಸಿ ಮಕ್ಕಳಿಗೆ ಕೇಳಿಸಿದೆ. ಪಾತ್ರ ಮಾಡುತ್ತಿದ್ದ ಹುಡುಗಿ ಸ್ವಲ್ಪ ಹೊತ್ತು ಕೇಳಿ, "ಇದು ಸೋಪಿನ ಜಾಹೀರಾತಿನ ಹಾಗಿದೆ" ಎಂದಳು. ಅವಳು ಹೇಳಿದ್ದು ಸರಿಯಾಗಿತ್ತು. ಆ ಸದ್ದಿನಲ್ಲಿದ್ದದ್ದು ಬೇರೆ ಯಾವುದೋ ದೇಶದ ಮಗುವಿನ ಕೋಣೆ. ನೆಲಕ್ಕೆ ಜಮಖಾನೆ, ಕಿಟಕಿಗೆ ಗಾಜು, ಹೊರಗೆ ಹಿಮ. ನಮ್ಮ ಹುಡುಗಿ ನಿಂತದ್ದು ಹಂಚಿನ ಮಾಡಿನ ಬಸ್ ತಂಗುದಾಣದಲ್ಲಿ.

ಪ್ಲಗಿನ್ ಎಂದರೆ ಏನೆಂದು ಹೇಳಿಬಿಡುತ್ತೇನೆ. ಧ್ವನಿಮುದ್ರಣದ ದೊಡ್ಡ ತಂತ್ರಾಂಶದೊಳಗೆ ಸಿಕ್ಕಿಸಿಕೊಳ್ಳುವ ಚಿಕ್ಕ ತಂತ್ರಾಂಶ ಅದು. ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ 1996ರಲ್ಲಿ ಇದಕ್ಕೊಂದು ಸಾಮಾನ್ಯ ರೂಪ ಕೊಟ್ಟಿತು. ಅದಕ್ಕೂ ಮುಂಚೆ, 1983ರಲ್ಲಿ, ಬೇರೆ ಬೇರೆ ಕಂಪನಿಗಳ ಕೀಬೋರ್ಡುಗಳು ಒಂದಕ್ಕೊಂದು ಮಾತಾಡಿಕೊಳ್ಳುವ ಮಿಡಿ ಎಂಬ ಭಾಷೆ ಬಂದಿತ್ತು. ಮಿಡಿಯಲ್ಲಿ ಸದ್ದು ಇರುವುದಿಲ್ಲ, ಸಂಖ್ಯೆಗಳಷ್ಟೇ ಇರುತ್ತವೆ: ಯಾವ ಕೀ ಒತ್ತಿದಿರಿ, ಎಷ್ಟು ಬಲವಾಗಿ ಒತ್ತಿದಿರಿ. ಎರಡನ್ನೂ 0ಯಿಂದ 127ರವರೆಗಿನ ಅಂಕಿಯಲ್ಲಿ ಹೇಳುತ್ತದೆ. ಸ್ಯಾಂಪಲ್ ಪ್ಲಗಿನ್ ಆ ಅಂಕಿ ನೋಡಿ ತನ್ನ ಪತ್ತಾಯದ ಸರಿಯಾದ ಖಾನೆ ತೆರೆದು, ಅಲ್ಲಿ ತುಂಬಿಟ್ಟ ನಿಜವಾದ ಧ್ವನಿಮುದ್ರಣವನ್ನು ಹೊರಗೆ ಬಿಡುತ್ತದೆ. ಎಲ್ಲೋ ಯಾರೋ ನಿಜವಾದ ಆಟಿಕೆಯೊಂದರ ಪ್ರತಿ ಸ್ವರವನ್ನೂ ಮೈಕಿನ ಮುಂದೆ ನುಡಿಸಿದ್ದಾರೆ. ನಾವು ಒತ್ತುವುದು ಅವರ ಆ ಕ್ಷಣವನ್ನು.

ಮೊದಲು ಇದು ಶ್ರೀಮಂತರ ಕೆಲಸವಾಗಿತ್ತು. 1960ರ ದಶಕದಲ್ಲಿ ಇಂಗ್ಲೆಂಡಿನ ಮೆಲೊಟ್ರಾನ್ ಎಂಬ ವಾದ್ಯದಲ್ಲಿ ಪ್ರತಿ ಕೀಗೆ ಒಂದು ಟೇಪು ಇರುತ್ತಿತ್ತು, ಒತ್ತಿದರೆ ಟೇಪು ಓಡುತ್ತಿತ್ತು. 1979ರಲ್ಲಿ ಆಸ್ಟ್ರೇಲಿಯಾದ ಇಬ್ಬರು ತರುಣರು, ಪೀಟರ್ ವೋಗೆಲ್ ಮತ್ತು ಕಿಮ್ ರೈರಿ, ಫೇರ್‌ಲೈಟ್ ಎಂಬ ಯಂತ್ರ ಮಾಡಿ ಸದ್ದನ್ನು ಅಂಕಿಗಳಾಗಿ ಹಿಡಿದರು. ಅದನ್ನು ಕೊಳ್ಳಲು ಮನೆ ಕಟ್ಟುವಷ್ಟು ದುಡ್ಡು ಬೇಕಿತ್ತು. ಆ ವಿದ್ಯೆಯನ್ನು ಮಕ್ಕಳ ಕೈಗೆ ತಂದದ್ದು 1980ರ ದಶಕದ ನಡುವಿನಲ್ಲಿ ಬಂದ ಕ್ಯಾಸಿಯೊ ಎಸ್‌ಕೆ-1. ದೊಡ್ಡವರ ಬೆರಳಿಗಲ್ಲ, ಮಗುವಿನ ಬೆರಳಿಗೆ ಹೊಂದುವ 32 ಪುಟ್ಟ ಕೀ. ಮೈಕಿಗೆ "ಅಮ್ಮಾ" ಎಂದರೆ ಆ ಕೂಗಿನಲ್ಲೇ ಹಾಡು ನುಡಿಸಬಹುದಿತ್ತು. ಹಿಡಿದಿಡುತ್ತಿದ್ದದ್ದು ಒಂದೂವರೆ ಸೆಕೆಂಡಿಗಿಂತ ಕಡಿಮೆ, ಅದೂ ಸೆಕೆಂಡಿಗೆ ಸುಮಾರು 9,380 ಬಾರಿ ಮಾತ್ರ ಅಳೆದು. ನನ್ನ ಪೀಪಿಯನ್ನು ನಾನು ಸೆಕೆಂಡಿಗೆ 48,000 ಬಾರಿ ಅಳೆದು ಬರೆದುಕೊಂಡಿದ್ದೇನೆ. ನಮ್ಮ ಜಿಲ್ಲೆಗೆ ಗಲ್ಫ್‌ನಿಂದ ಬರುವವರ ಪೆಟ್ಟಿಗೆಯಲ್ಲಿ ಆ ಕಾಲದಲ್ಲಿ ಸೆಂಟು, ಟಾರ್ಚುಗಳ ಜೊತೆಗೆ ಒಂದು ಪುಟ್ಟ ಕ್ಯಾಸಿಯೊ ಇರುತ್ತಿತ್ತು. ಯಾವ ಕಂಪನಿಯದಾದರೂ ನಮಗದು ಕ್ಯಾಸಿಯೊ.

ಆಟಿಕೆ ಪಿಯಾನೊವನ್ನು ನಾನು ಹೀಗಳೆಯುತ್ತಿಲ್ಲ. ಅದಕ್ಕೆ ಅದರದೇ ಆದ ಚೆಲುವಿದೆ, ಆ ಚೆಲುವಿನ ಕಾರಣ ಅರ್ಥವಾದರೆ ನಮ್ಮ ಆಟಿಕೆಗಳೂ ಅರ್ಥವಾಗುತ್ತವೆ. ಜರ್ಮನಿಯಿಂದ ಅಮೆರಿಕಕ್ಕೆ ಹೋದ ಆಲ್ಬರ್ಟ್ ಶೋನ್‌ಹಟ್ 1872ರಲ್ಲಿ ಫಿಲಡೆಲ್ಫಿಯಾದಲ್ಲಿ ಇದನ್ನು ತಯಾರಿಸಲು ಶುರು ಮಾಡಿದರು. ಒಳಗಿದ್ದ ಗಾಜಿನ ಪಟ್ಟಿಗಳು ಒಡೆಯುತ್ತಿದ್ದುದರಿಂದ ಲೋಹ ಬಳಸಿದರು. ಇಂದಿನ ಆಟಿಕೆ ಪಿಯಾನೊದಲ್ಲಿ ಒಂದು ತುದಿ ಬಿಗಿದ, ಇನ್ನೊಂದು ತುದಿ ತೂಗುವ ಲೋಹದ ಕಡ್ಡಿಗಳಿಗೆ ಸುತ್ತಿಗೆ ಬಡಿಯುತ್ತದೆ. ವೀಣೆಯ ತಂತಿ ಮೀಟಿದಾಗ ಮೂಲ ಸ್ವರದ ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟಿನ ಸ್ವರಗಳು ಸಾಲಾಗಿ ಹೊಮ್ಮುತ್ತವೆ, ಕಿವಿಗೆ ಅವೆಲ್ಲ ಒಂದೇ ಮನೆಯವು ಅನಿಸುತ್ತವೆ. ಒಂದು ತುದಿ ಬಿಗಿದ ಕಡ್ಡಿಯಲ್ಲಿ ಹಾಗಾಗುವುದಿಲ್ಲ. ಅದರ ಮುಂದಿನ ಸ್ವರ ಮೂಲದ 6.27 ಪಟ್ಟು, ಅದರ ಮೇಲಿನದು ಸುಮಾರು 17.5 ಪಟ್ಟು. ಅವು ಒಂದಕ್ಕೊಂದು ನೆಂಟರಲ್ಲ. ಅದಕ್ಕೇ ಆಟಿಕೆ ಪಿಯಾನೊ ಗಂಟೆಯಂತೆ, ಸ್ವಲ್ಪ ಅಪಶ್ರುತಿಯಲ್ಲಿ, ನೆನಪಿನಂತೆ ಕೇಳುತ್ತದೆ. ಅಮೆರಿಕದ ಸಂಗೀತ ರಚನಕಾರ ಜಾನ್ ಕೇಜ್ 1948ರಲ್ಲಿ ಒಂಬತ್ತೇ ಬಿಳಿ ಕೀಗಳನ್ನು ಬಳಸಿ ಅದಕ್ಕೊಂದು ಗಂಭೀರ ರಚನೆ ಮಾಡಿದರು. ಸಿಂಗಪುರದ ಮಾರ್ಗರೆಟ್ ಲೆಂಗ್ ಟ್ಯಾನ್ ಆ ಆಟಿಕೆಯ ಮುಂದೆ ಕುಳಿತೇ ಜಗತ್ತಿನ ವೇದಿಕೆಗಳಲ್ಲಿ ಕಛೇರಿ ಕೊಟ್ಟವರು.

ಅಷ್ಟು ದೂರ ಹೋಗುವ ಮೊದಲು ಬಂಟ್ವಾಳ ತಾಲೂಕಿನ ಮಂಚಿಗೆ ಬರಬೇಕು. ಬಾಬುಕೋಡಿ ವೆಂಕಟರಮಣ ಕಾರಂತರು, ನಮ್ಮೆಲ್ಲರ ಬಿ.ವಿ. ಕಾರಂತರು, 1929ರಲ್ಲಿ ಹುಟ್ಟಿದ್ದು ಅಲ್ಲಿ. ಗುಬ್ಬಿ ನಾಟಕ ಕಂಪನಿಯ ಹಾರ್ಮೋನಿಯಂ ಕೇಳಿ ಬೆಳೆದ ಈ ಮನುಷ್ಯ ರಂಗಸಂಗೀತದಲ್ಲಿ ಮಾಡಿದ್ದನ್ನು ನಾವು ಇನ್ನೂ ಪೂರ್ತಿ ಅರಗಿಸಿಕೊಂಡಿಲ್ಲ ಅನಿಸುತ್ತದೆ ನನಗೆ. ವಾದ್ಯ ಎಂದು ಯಾರೂ ಕರೆಯದ ವಸ್ತುಗಳಿಂದ, ಕಲ್ಲಿನಿಂದ, ಕೋಲಿನಿಂದ, ತಗಡಿನಿಂದ ಅವರು ಸಂಗೀತ ತೆಗೆದರು. ಸದ್ದು ಎಲ್ಲಿ ನಿಂತು ಸಂಗೀತ ಎಲ್ಲಿ ಶುರುವಾಗುತ್ತದೆ ಎಂಬ ಗೆರೆಯನ್ನೇ ಅಳಿಸಿದರು. 'ಋಷ್ಯಶೃಂಗ' ಮತ್ತು 'ಘಟಶ್ರಾದ್ಧ' ಚಿತ್ರಗಳ ಸಂಗೀತಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಮಕ್ಕಳ ನಾಟಕವನ್ನು ದೊಡ್ಡವರ ನಾಟಕಕ್ಕಿಂತ ಚಿಕ್ಕದೆಂದು ಅವರು ಎಣಿಸಲಿಲ್ಲ, 'ಪಂಜರ ಶಾಲೆ'ಯನ್ನು ನೋಡಿದವರಿಗೆ ಅದು ಗೊತ್ತು. 2002ರಲ್ಲಿ ತೀರಿಕೊಂಡರು. ಪ್ಲಗಿನ್ನುಗಳು ನಮ್ಮ ಹಳ್ಳಿಗಳ ಕಂಪ್ಯೂಟರುಗಳಿಗೆ ಬಂದದ್ದು ಆಮೇಲೆ. ಕೈಗೆ ಸಿಕ್ಕ ವಸ್ತುವನ್ನು ಮೊದಲು ತಟ್ಟಿ ಕೇಳು ಎಂಬುದು ಕಾರಂತರ ಕೆಲಸದಿಂದ ನಾನು ಕಲಿತ ಪಾಠ. ಸೋಪಿನ ಜಾಹೀರಾತು ಎಂದು ಆ ಹುಡುಗಿ ಅಂದ ರಾತ್ರಿ ನನಗೆ ನೆನಪಾದದ್ದು ಅದೇ. ದುಡ್ಡು ಕೊಟ್ಟು ಇನ್ನೊಂದು ಪ್ಲಗಿನ್ ತರುವ ಯೋಚನೆ ಬಿಟ್ಟು, ಮರುದಿನ ಬೆಳಿಗ್ಗೆ ಮನೆಯಲ್ಲಿದ್ದ ಆಟಿಕೆಗಳನ್ನೆಲ್ಲ ಜಗಲಿಗೆ ತಂದು ಹರಡಿದೆ.

ಧರ್ಮಸ್ಥಳದ ಲಕ್ಷದೀಪೋತ್ಸವದ ಅಂಗಡಿಯಲ್ಲಿ ಕೊಂಡ ಎಂಟು ಪಟ್ಟಿಯ ಕ್ಸೈಲೋಫೋನ್. ಒತ್ತಿದರೆ ಟಿಕ್ ಟಿಕ್ ಎನ್ನುವ ತಗಡಿನ ಕಪ್ಪೆ. ಚನ್ನಪಟ್ಟಣದ ಎರಡು ಗಿಲಕಿ. ಅರಗಿನ ಬಣ್ಣ ಸವೆದ ಕಡೆ ಆಲೆ ಮರದ ಬಿಳುಪು ಕಾಣುತ್ತಿತ್ತು. ಜಾತ್ರೆಯ ಪಿಟೀಲು: ಮಣ್ಣಿನ ಬಟ್ಟಲಿಗೆ ಕಾಗದ ಬಿಗಿದು, ಬಿದಿರಿನ ಕಡ್ಡಿಗೆ ತಂತಿ ಕಟ್ಟಿದ್ದು. ಮಾರುವವನ ಕೈಯಲ್ಲಿ ಸಿನಿಮಾ ಹಾಡು ಹಾಡಿದ ಪಿಟೀಲು ಮನೆಗೆ ಬಂದ ಮೇಲೆ ನಮ್ಮ ಕೈಯಲ್ಲಿ ಕೊಂಯ್ ಅನ್ನುವುದು ಕರ್ನಾಟಕದ ಮಕ್ಕಳೆಲ್ಲರ ಅನುಭವ. ಎರಡು ಗೆರಟೆ. ಕಾಯಿ ಸಿಡಿಸುವ ಬಿದಿರಿನ ಪೆಟ್ಲು. ಅಟ್ಟದಲ್ಲಿ ತುಕ್ಕು ಹಿಡಿಯುತ್ತಿದ್ದ ಬುಲ್‌ಬುಲ್ ತರಂಗ್. ಇದು ಹುಟ್ಟಿನಿಂದ ನಮ್ಮದಲ್ಲ. ಜಪಾನಿನ ನಗೋಯಾದಲ್ಲಿ 1912ರಲ್ಲಿ ಮೊರಿಟಾ ಗೊರೊ ಎಂಬವರು ಟೈಪ್‌ರೈಟರಿನಂತೆ ಗುಂಡಿ ಒತ್ತಿ ತಂತಿ ನುಡಿಸುವ ತೈಶೋಗೋತೊ ಮಾಡಿದರು. ಅದೇ ಭಾರತಕ್ಕೆ ಬಂದು ಬುಲ್‌ಬುಲ್ ತರಂಗ್ ಆಯಿತು, ಕೆಲವರ ಬಾಯಲ್ಲಿ ಬ್ಯಾಂಜೊ ಆಯಿತು. ಪರದೇಶದ ಸದ್ದು ನಮ್ಮದಾಗುವುದಕ್ಕೆ ಅಡ್ಡಿಯೇನಿಲ್ಲ, ಮನೆಯಲ್ಲಿ ಒಂದು ತಲೆಮಾರು ಅದನ್ನು ನುಡಿಸಿರಬೇಕು ಅಷ್ಟೆ. ಕೊನೆಯದಾಗಿ ಪೀಪಿ. ಅದನ್ನು ಕಟ್ಟಿಕೊಟ್ಟದ್ದು ಪಕ್ಕದ ಮನೆಯ ಹುಡುಗ.

ಧ್ವನಿಮುದ್ರಣದ ಮೊದಲ ಶತ್ರು ನಮ್ಮ ಫೋನಿನ ಜಾಣತನ. ಫೋನಿನಲ್ಲಿ ಮೊದಲೇ ಇರುವ ರೆಕಾರ್ಡರುಗಳನ್ನು ಹೆಚ್ಚಾಗಿ ಮಾತಿಗಾಗಿ ಹೊಂದಿಸಿರುತ್ತಾರೆ. ಸದ್ದು ಸಣ್ಣದಾದರೆ ಅದಾಗಿ ಏರಿಸುತ್ತವೆ, ಹಿನ್ನೆಲೆಯ ಗದ್ದಲವೆಂದು ತಿಳಿದದ್ದನ್ನು ಅಳಿಸುತ್ತವೆ. ಆಟಿಕೆಯ ಜೀವ ಇರುವುದೇ ಅದರ ಸ್ವರ ಮೆಲ್ಲಗೆ ಆರುವ ಬಾಲದಲ್ಲಿ. ಫೋನು ಆ ಬಾಲವನ್ನೇ ಕತ್ತರಿಸಿಬಿಡುತ್ತದೆ. ನನ್ನ ಮೊದಲ ದಿನದ ಕೆಲಸವೆಲ್ಲ ಹೀಗೆ ಹಾಳಾಯಿತು. ಕ್ಸೈಲೋಫೋನಿನ ಪ್ರತಿ ಸ್ವರವೂ ಆರುವ ಬದಲು ಉಬ್ಬಿ, ಆಮೇಲೆ ತಟಕ್ಕನೆ ಮಾಯವಾಗುತ್ತಿತ್ತು. ಡಬ್ಲ್ಯೂಎವಿ ರೂಪದಲ್ಲಿ ಬರೆಯುವ, ಈ ತಾನೇ ಏರಿಸುವ ಮತ್ತು ಅಳಿಸುವ ವ್ಯವಸ್ಥೆಗಳನ್ನು ನಿಲ್ಲಿಸಲು ಬಿಡುವ ಆ್ಯಪ್ ಹಾಕಿಕೊಂಡ ಮೇಲೆ ದಾರಿ ಸುಗಮವಾಯಿತು.

ಎರಡನೆಯದು ಊರಿನ ಸದ್ದು. ಹೊಳೆ, ಜೀರುಂಡೆ, ಎಲ್ಲೋ ರಬ್ಬರ್ ತೋಟದಲ್ಲಿ ಹುಲ್ಲು ಕತ್ತರಿಸುವ ಯಂತ್ರ. ಮನೆಯೊಳಗೆ ಫ್ರಿಜ್ಜಿನ ಗುಂಯ್ ಸದ್ದು ಕಿವಿಗೆ ಕೇಳುವುದೇ ಇಲ್ಲ, ಧ್ವನಿಮುದ್ರಣದಲ್ಲಿ ಮಾತ್ರ ಗೋಡೆಯ ಹಾಗೆ ನಿಲ್ಲುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋಗುವುದನ್ನು ನಾನು ಮೊದಲ ಸಲ ಕಾದು ಕೂತೆ. ಮಧ್ಯಾಹ್ನ ಕರೆಂಟು ಹೋಯಿತು, ಮಳೆ ಹನಿ ಕಡಿಯಿತು. ಪಡಸಾಲೆಯ ಮೂಲೆಯಲ್ಲಿ ಹಾಸಿಗೆ ಎತ್ತಿ ನಿಲ್ಲಿಸಿ, ಕಂಬಳಿ ಹೊದೆಸಿ, ಫೋನನ್ನು ಆಟಿಕೆಯಿಂದ ಒಂದು ಗೇಣು ದೂರದಲ್ಲಿ ಇಟ್ಟೆ.

ಪ್ರತಿ ಸ್ವರವನ್ನು ಮೆಲ್ಲಗೆ, ಹದವಾಗಿ, ಜೋರಾಗಿ, ಮೂರು ಬಗೆಯಲ್ಲಿ ನುಡಿಸಬೇಕು. ಒಂದು ಬಗೆಯನ್ನು ಐದೈದು ಸಲ. ಒಂದೇ ಧ್ವನಿಮುದ್ರಣವನ್ನು ಬೇಗ ಬೇಗ ಒತ್ತಿದರೆ ಹೊಲಿಗೆ ಯಂತ್ರದ ಸದ್ದಾಗುತ್ತದೆ, ಅಷ್ಟು ಸಲ ನುಡಿಸುವುದು ಅದಕ್ಕೇ. ನಿಜವಾದ ಕೈ ಒಂದೇ ಪಟ್ಟಿಯನ್ನು ಎರಡು ಸಲ ಒಂದೇ ರೀತಿ ಬಡಿಯುವುದಿಲ್ಲ. ಐದು ಬಡಿತ ಇದ್ದರೆ ಪ್ಲಗಿನ್ ಸರದಿಯಂತೆ ಒಂದೊಂದನ್ನು ಬಿಡುತ್ತದೆ, ಕಿವಿ ನಂಬುತ್ತದೆ. ಎಂಟು ಪಟ್ಟಿ, ಮೂರು ಬಲ, ಐದು ಸಲ: 120 ಬಡಿತ. ಪ್ರತಿ ಬಡಿತದ ನಂತರ ಸ್ವರ ಪೂರ್ತಿ ಆರುವವರೆಗೆ ಉಸಿರು ಬಿಗಿಹಿಡಿದು ಕೂರಬೇಕು. ಈ ಕಾಯುವಿಕೆಯಲ್ಲಿ ಆಟಿಕೆಯನ್ನು ಮೊದಲ ಬಾರಿಗೆ ಕೇಳಿದೆ ಅನಿಸಿತು. ಹಳದಿ ಪಟ್ಟಿಯ ಕೆಳಗೆ ಮೊಳೆ ಸಡಿಲವಾಗಿ ಸಣ್ಣಗೆ ಝಿರ್ ಅನ್ನುತ್ತಿತ್ತು. ಮಗಳು ಅದನ್ನು ಎರಡು ವರ್ಷ ಬಡಿದಾಗಲೂ ನನಗದು ಕೇಳಿರಲಿಲ್ಲ.

ಅಳೆದು ನೋಡಿದರೆ ಮೂರನೆಯ ಪಟ್ಟಿ ಇರಬೇಕಾದ್ದಕ್ಕಿಂತ ಅರ್ಧ ಸ್ವರದ ಮೂರರಲ್ಲೊಂದು ಪಾಲು ತಗ್ಗು. ಆರನೆಯದು ಸ್ವಲ್ಪ ಏರು. ಕಂಪ್ಯೂಟರಿನಲ್ಲಿ ಎರಡು ಕ್ಲಿಕ್ಕಿನಲ್ಲಿ ಸರಿ ಮಾಡಬಹುದು. ನಾನು ಮಾಡಲಿಲ್ಲ. ಶ್ರುತಿ ತಿದ್ದಿದ ಆಟಿಕೆ ಅಗ್ಗದ ವಾದ್ಯವಾಗುತ್ತದೆ, ತಿದ್ದದ ಆಟಿಕೆ ತಾನೇ ಆಗಿ ಉಳಿಯುತ್ತದೆ. ಬೇರೆ ವಾದ್ಯಗಳ ಜೊತೆ ನುಡಿಸಲೇಬೇಕಾದಾಗ ಎಂದು ತಿದ್ದಿದ ಇನ್ನೊಂದು ಪ್ರತಿ ಇಟ್ಟುಕೊಂಡಿದ್ದೇನೆ, ಆದರೆ ಈವರೆಗೆ ಅದನ್ನು ತೆರೆಯುವ ಮನಸ್ಸಾಗಿಲ್ಲ.

ಕಂಪ್ಯೂಟರಿನ ಕೆಲಸ ತಾಳ್ಮೆಯದು, ಕಷ್ಟದ್ದಲ್ಲ. ಉಚಿತವಾಗಿ ಸಿಗುವ ಅಡಾಸಿಟಿಯಲ್ಲಿ ಪ್ರತಿ ಬಡಿತವನ್ನು ಬೇರೆ ಮಾಡಿ, ಮುಂದಿನ ಮೌನವನ್ನು ಕತ್ತರಿಸಬೇಕು. ಅಲ್ಲಿ ಕೂದಲೆಳೆಯಷ್ಟು ಮೌನ ಉಳಿದರೂ ಕೀ ಒತ್ತಿದ ಮೇಲೆ ಸದ್ದು ತಡವಾಗಿ ಬರುತ್ತದೆ. ಆಮೇಲೆ ಡೀಸೆಂಟ್ ಸ್ಯಾಂಪ್ಲರ್‌ನಂಥ ಉಚಿತ ಪ್ಲಗಿನ್ನಿಗೆ ಯಾವ ಕಡತ ಯಾವ ಕೀಗೆ, ಯಾವ ಬಲಕ್ಕೆ ಎಂದು ಒಂದು ಪುಟದ ಪಟ್ಟಿಯಲ್ಲಿ ಬರೆದುಕೊಟ್ಟರೆ ವಾದ್ಯ ಸಿದ್ಧ.

ಪೀಪಿಗೆ ಮಾತ್ರ ಈ ಲೆಕ್ಕ ಒಗ್ಗಲಿಲ್ಲ. ಅದರಲ್ಲಿ ತೂತುಗಳಿಲ್ಲ, ಇರುವುದು ಒಂದೇ ಸ್ವರ, ಅದೂ ಊದುವ ಬಲಕ್ಕೆ ತಕ್ಕಂತೆ ಜಾರುತ್ತದೆ. ಹಾಗಾಗಿ ಒಂದು ಕೂಗನ್ನೇ ಎಳೆದು ಎಲ್ಲ ಕೀಗಳಿಗೆ ಹಂಚಬೇಕಾಯಿತು. ಅರ್ಧ ಸ್ವರ ಏರಿಸಲು ಧ್ವನಿಮುದ್ರಣವನ್ನು ಸುಮಾರು ಶೇ 6ರಷ್ಟು ಬೇಗ ಓಡಿಸಬೇಕು. ಒಂದು ಸ್ಥಾಯಿ ಏರಿಸಲು ಎರಡು ಪಟ್ಟು ಬೇಗ. ಎರಡು ಮೂರು ಸ್ವರ ಆಚೀಚೆ ಹೋದರೆ ಪೀಪಿ ಪೀಪಿಯೇ. ಇನ್ನೂ ಮೇಲೆ ಹೋದರೆ ಸೊಳ್ಳೆ. ಒಂದು ಸ್ಥಾಯಿ ಕೆಳಗಿಳಿಸಿದಾಗ ಬಂದದ್ದನ್ನು ಕೇಳಿ ಪೀಪಿ ಕಟ್ಟಿದ ಹುಡುಗ ಕಣ್ಣರಳಿಸಿ "ಕೊಂಬು!" ಎಂದ. ಅವನ ಉಸಿರೇ ಅಷ್ಟು ದೊಡ್ಡದಾಗಿ ಅವನಿಗೆ ಕೇಳಿಸಿತ್ತು.

ಗಿಲಕಿ ಕೊಟ್ಟ ಸಂತೋಷ ಇದಕ್ಕೂ ದೊಡ್ಡದು. ಚನ್ನಪಟ್ಟಣದ ಗಿಲಕಿಯೊಳಗಿನ ಕಾಳುಗಳ ಸದ್ದನ್ನು ಎರಡು ಸ್ಥಾಯಿ ಇಳಿಸಿದೆ, ಅಂದರೆ ನಾಲ್ಕು ಪಟ್ಟು ನಿಧಾನ. ಕಾಳುಗಳು ಕಲ್ಲುಗಳಾದವು. ಆಟಿಯಲ್ಲಿ ನೆರಿಯ ಹೊಳೆ ಕೆಂಪಾಗಿ ನೇತ್ರಾವತಿಯ ಕಡೆಗೆ ಓಡುವಾಗ ನೀರಿನಡಿಯಲ್ಲಿ ಕಲ್ಲುಗಳು ಒಂದಕ್ಕೊಂದು ತಾಗಿ ಉರುಳುವ ಸದ್ದು ಕೇಳಿದವರಿಗೆ ಗೊತ್ತು, ಅದು ಕಿವಿಗಿಂತ ಮೊದಲು ಪಾದಕ್ಕೆ ಕೇಳುತ್ತದೆ. ನಾಟಕದ ಮಳೆಗೆ ನಾನು ಬಳಸಿದ್ದು ಆ ಗಿಲಕಿಯನ್ನೇ.

ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ಕೈಗೆ ಮೈಕು ಬಂದಾಗ ಊರಿನ ಸದ್ದುಗಳೆಲ್ಲ ನಮ್ಮ ಸ್ವತ್ತು ಅನಿಸಿಬಿಡುತ್ತದೆ. ಹಾಗಲ್ಲ. ದೈವದ ನೇಮದಲ್ಲಿ ನುಡಿಯುವ ತೆಂಬರೆ ಆಟಿಕೆಯಲ್ಲ. ಕೊರಗ ಸಮುದಾಯದವರ ಡೋಲಿನ ಹಿಂದೆ ನೋವಿನ ಚರಿತ್ರೆಯೇ ಇದೆ. ಅವರನ್ನು ಡೋಲು ಬಡಿಯಲು, ಇನ್ನೂ ಹೀನಾಯವಾದ ಕೆಲಸಗಳಿಗೆ ಬಲವಂತದಿಂದ ಹಚ್ಚುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ಆ ಸದ್ದನ್ನು ಕದ್ದು ಮುದ್ರಿಸಿ, ಒಂದು ಕೀಗೆ ಕಟ್ಟಿ, ಯಾರು ಬೇಕಾದರೂ ಬಡಿಯುವಂತೆ ಮಾಡುವುದು ಅದೇ ಬಲವಂತದ ಇನ್ನೊಂದು ರೂಪ. ನುಡಿಸುವವರನ್ನು ಕೇಳಬೇಕು, ಅವರು ಬೇಡ ಅಂದರೆ ಬಿಡಬೇಕು, ಹೂಂ ಅಂದರೆ ಹೆಸರು ಹಾಕಿ ಹಣ ಕೊಡಬೇಕು. ಪಕ್ಕದ ಮನೆಯ ಹುಡುಗನ ಪೀಪಿಗೂ ನಾನು ಅವನನ್ನೂ ಅವನ ತಾಯಿಯನ್ನೂ ಕೇಳಿಯೇ ಮೈಕು ಹಿಡಿದೆ.

ನಾಟಕ ಆಯಿತು. ಬಸ್ಸಿಗೆ ಕಾಯುವ ದೃಶ್ಯದಲ್ಲಿ ಮೊದಲು ಗಿಲಕಿಯ ಮಳೆ, ಆಮೇಲೆ ಶ್ರುತಿ ತಪ್ಪಿದ ಮೂರನೆಯ ಪಟ್ಟಿ, ಹಳದಿ ಪಟ್ಟಿಯ ಝಿರ್, ದೂರದಲ್ಲಿ ಬಸ್ಸಿನ ಹಾರ್ನಿಗೆ ಬದಲಾಗಿ ತಗ್ಗಿಸಿದ ಪೀಪಿ. ಮುಂದಿನ ಸಾಲಿನ ಸಣ್ಣ ಮಕ್ಕಳು ಹಾರ್ನು ಕೇಳಿದ್ದೇ ಎದ್ದು ನಿಂತು ಬಲಗಡೆ ನೋಡಿದರು, ಬಸ್ಸು ಬರುವ ದಿಕ್ಕಿಗೆ.

ಈಗ ಆ ಕಡತಗಳು ಒಂದು ಪೆನ್‌ಡ್ರೈವಿನಲ್ಲಿವೆ, ಕೇಳಿದ ಶಾಲೆಗಳಿಗೆಲ್ಲ ಕೊಡುತ್ತಿದ್ದೇನೆ. ಒಂದನ್ನು ಮಾತ್ರ ಅಳಿಸಿ ಮತ್ತೆ ಮುದ್ರಿಸಬೇಕಿತ್ತು. ಕ್ಸೈಲೋಫೋನಿನ ಐದನೆಯ ಪಟ್ಟಿಯ ಮೆಲುಬಡಿತದ ನಾಲ್ಕನೆಯ ಸರದಿಯಲ್ಲಿ, ಸ್ವರ ಆರುತ್ತಿದ್ದಾಗ, ಹಿತ್ತಲಿನ ಮರದಿಂದ ಮಂಗಟ್ಟೆ ಹಕ್ಕಿಯೊಂದು ನಕ್ಕ ಹಾಗೆ ಕೂಗಿತ್ತು. ಅಷ್ಟರಲ್ಲಿ ಕರೆಂಟು ಬಂದು ಫ್ರಿಜ್ಜು ಶುರುವಾಯಿತು, ಆವತ್ತಿನ ಕೆಲಸ ನಿಂತಿತು. ಆ ಬಡಿತ ಹಾಗೇ ಉಳಿದಿದೆ. ಬೆಳ್ತಂಗಡಿಯಲ್ಲೋ ಮೂಡುಬಿದಿರೆಯಲ್ಲೋ ಯಾವುದಾದರೂ ಮಗು ಆ ಕೀಯನ್ನು ಮೆಲ್ಲಗೆ ನಾಲ್ಕು ಸಲ ಒತ್ತಿದರೆ, ನಾಲ್ಕನೆಯ ಸಲ ಮಂಗಟ್ಟೆ ಕೂಗುತ್ತದೆ.